ಹಳೆಯ ‘ರ’ಕ್ಕೂ ಒಂದು ನಂಬರು

ಎನ್‌ಕೊ ಲಿಪಿಯಲ್ಲಿ ‘ರ’ ಎರಡಿವೆ. ಒಂದರ ಯೂನಿಕೋಡ್ ನಂಬರು 2009, ಇನ್ನೊಂದರದು 2026. ಇವು ಇಸವಿಗಳಲ್ಲ. ಯೂನಿಕೋಡ್ ಪಟ್ಟಿಯವರು ಹದಿನಾರರ ಲೆಕ್ಕದಲ್ಲಿ ಬರೆದಿಟ್ಟದ್ದನ್ನು ನಮ್ಮ ಹತ್ತರ ಲೆಕ್ಕಕ್ಕೆ ತಿರುಗಿಸಿದಾಗ ಸಿಗುವ ಅಂಕಿಗಳು. ಗಿನಿ, ಮಾಲಿ, ಐವರಿ ಕೋಸ್ಟ್ ದೇಶಗಳಲ್ಲಿ ಎನ್‌ಕೊ ಕಲಿತವರು ಇಂದು ಬರೆಯುವುದು 2009ರ ‘ರ’ವನ್ನು. 2026ರದು ಈ ಲಿಪಿಯ ಆರಂಭದ ದಿನಗಳಲ್ಲಿದ್ದು, ಆಮೇಲೆ ಬಳಕೆ ತಪ್ಪಿದ ‘ರ’. ಪಟ್ಟಿಯಲ್ಲಿ ಅದರ ಹೆಸರು ‘ಜೊನಾ ರ’. ಅದರ ಜೊತೆಗೇ ‘ಜೊನಾ ಜ’, ‘ಜೊನಾ ಚ’ ಎಂಬ ಇನ್ನೆರಡು ಹಳಬರು 2024 ಮತ್ತು 2025ರಲ್ಲಿ ಕೂತಿದ್ದಾರೆ. (ಒತ್ತಿ ಹೇಳುವ ‘ರ್ರ’ ಬೇರೆಯೇ ಇದೆ, 2010ರಲ್ಲಿ. ಅದರ ತಂಟೆ ನಮಗೆ ಇಲ್ಲಿ ಬೇಡ.)

ಉಚ್ಚಾರ ಒಂದೇ, ಕೆಲಸವೂ ಒಂದೇ, ರೂಪ ಮಾತ್ರ ಹಳತು. ಹೀಗಿದ್ದೂ ಅದಕ್ಕೆ ಪ್ರತ್ಯೇಕ ನಂಬರು ಯಾಕೆ? ಪಶ್ಚಿಮ ಆಫ್ರಿಕದ ಲಿಪಿಗಳು ಕಂಪ್ಯೂಟರ್ ಸೇರಿದ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಪ್ರಶ್ನೆ. ಅಕ್ಷರವೊಂದು ರೂಪ ಬದಲಿಸಿದರೆ ಅದು ಹಳೆಯ ಅಕ್ಷರವೇ ಅಥವಾ ಹೊಸದೇ ಎಂಬುದನ್ನು ಯಾರು ತೀರ್ಮಾನಿಸಬೇಕು ಎಂಬುದು ಮೇಲ್ನೋಟಕ್ಕೆ ಎಂಜಿನಿಯರರ ಮೇಜಿನ ಮೇಲಿನ ವಿಷಯದಂತೆ ಕಾಣುತ್ತದೆ. ಅಲ್ಲಿನ ನಾಲ್ಕು ಲಿಪಿಗಳಿಗೆ ಇದೇ ಪ್ರಶ್ನೆಗೆ ಸಿಕ್ಕ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹಾಗೆ ಅನಿಸುವುದಿಲ್ಲ.

ಎನ್‌ಕೊ ಲಿಪಿಯನ್ನು ಮಾಡಿದವನು ಸೊಲೊಮಾನಾ ಕಾಂತೆ. ಹುಟ್ಟಿದ್ದು 1922ರಲ್ಲಿ, ಗಿನಿಯ ಕಾಂಕಾನ್ ಸೀಮೆಯಲ್ಲಿ. ತಂದೆ ಕುರಾನ್ ಶಾಲೆಯ ಮೇಷ್ಟ್ರು. ತಂದೆ ತೀರಿಹೋದ ಮೇಲೆ ಮಗ ವ್ಯಾಪಾರ ಹಿಡಿದು ಐವರಿ ಕೋಸ್ಟ್‌ನ ಬುವಾಕೆ ಪಟ್ಟಣ ಸೇರಿದ. ಅಲ್ಲಿ 1944ರಲ್ಲಿ ಕಾಮಿಲ್ ಮರ್ವಾ ಎಂಬ ಲೆಬನಾನಿ ಪತ್ರಕರ್ತನ ಪುಸ್ತಕ ಅವನ ಕೈಗೆ ಬಿತ್ತು. ಆಫ್ರಿಕದವರ ಮಾತು ಬರೆದಿಡಲು ಬಾರದ್ದು ಎಂಬ ಅರ್ಥದ ಮಾತು ಅದರಲ್ಲಿತ್ತು. ಕಾಂತೆ ಅರಬ್ಬಿ ಚೆನ್ನಾಗಿ ಬಲ್ಲವನು, ಹಾಗಾಗಿ ಆ ಸಾಲು ಅವನಿಗೆ ನೇರವಾಗಿ ತಾಗಿತು. ತನ್ನ ಮಾತನ್ನು ಮೊದಲು ಅರಬ್ಬಿ ಅಕ್ಷರಗಳಲ್ಲಿ ಬರೆಯಲು ನೋಡಿದ, ಆಮೇಲೆ ರೋಮನ್‌ನಲ್ಲಿ ಪ್ರಯತ್ನಿಸಿದ. ಎರಡರಲ್ಲೂ ಒಂದು ಸಂಗತಿ ಕೈಕೊಟ್ಟಿತು: ದನಿಯ ಏರಿಳಿತ.

ಅವನ ಮಾಂಡಿಂಗ್ ನುಡಿಗಳಲ್ಲಿ ದನಿ ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ಮಾಲಿಯ ಬಂಬಾರಾದಲ್ಲಿ ‘ಸೊ’ ಎಂದು ಎತ್ತರದ ದನಿಯಲ್ಲಿ ಅಂದರೆ ಮನೆ, ತಗ್ಗಿದ ದನಿಯಲ್ಲಿ ಅಂದರೆ ಕುದುರೆ. ಇದು ಕಾಗದದ ಮೇಲೆ ಕಾಣದಿದ್ದರೆ ಓದುವವನು ಪ್ರತಿ ಸಾಲಿನಲ್ಲೂ ಊಹಿಸಬೇಕಾಗುತ್ತದೆ. 1949ರ ಏಪ್ರಿಲ್ 14ರಂದು ಕಾಂತೆ ಹೊಸ ಲಿಪಿಯನ್ನು ಮುಗಿಸಿದ. ಏಳು ಸ್ವರಗಳು, ಅವುಗಳ ತಲೆಯ ಮೇಲೆ ದನಿಯ ಎತ್ತರವನ್ನೂ ಉದ್ದವನ್ನೂ ತೋರಿಸುವ ಗುರುತುಗಳು, ಅನುನಾಸಿಕಕ್ಕೆ ಕೆಳಗೊಂದು ಚುಕ್ಕೆ, ಅರಬ್ಬಿ ಮತ್ತು ಫ್ರೆಂಚ್‌ನಿಂದ ಬಂದ ಸದ್ದುಗಳಿಗೆ ಮೇಲೆ ಎರಡು ಚುಕ್ಕೆ. ಬರೆಯುವುದು ಬಲದಿಂದ ಎಡಕ್ಕೆ. ಅಕ್ಷರ ಬಾರದವರ ಕೈಯಲ್ಲಿ ಮಣ್ಣಿನ ಮೇಲೆ ಗೆರೆ ಎಳೆಸಿ, ಹೆಚ್ಚಿನವರು ಬಲದಿಂದ ಎಳೆದದ್ದನ್ನು ನೋಡಿ ಹಾಗೆ ನಿರ್ಧರಿಸಿದ ಎಂದು ಎನ್‌ಕೊ ಬಳಗದಲ್ಲಿ ಹೇಳುತ್ತಾರೆ. ಅರಬ್ಬಿ ಓದಿದವನಿಗೆ ಬಲದಿಂದ ಬರೆಯುವುದು ಸಹಜವೇ ಆಗಿತ್ತಲ್ಲ ಎಂಬ ಅನುಮಾನ ನನಗಿದೆ. ಆದರೂ ಊರವರನ್ನು ಕೇಳಿ ದಿಕ್ಕು ನಿರ್ಧರಿಸಿದ ಲಿಪಿಕಾರ ಎಂಬ ಕಥೆ ಉಳಿದು ಬಂದಿದೆ ಎಂದರೆ, ಆ ಲಿಪಿಯನ್ನು ಜನ ಯಾರದೆಂದು ತಿಳಿದಿದ್ದಾರೆ ಎಂಬುದು ಗೊತ್ತಾಗುತ್ತದೆ. ಕಾಂತೆ 1987ರಲ್ಲಿ ತೀರಿಕೊಂಡ. ಅಷ್ಟರಲ್ಲಿ ಕುರಾನಿನ ಅನುವಾದದಿಂದ ಹಿಡಿದು ವ್ಯಾಕರಣ, ಇತಿಹಾಸ, ನಾಟಿ ಔಷಧದವರೆಗೆ ರಾಶಿ ಪುಸ್ತಕ ಬರೆದಿದ್ದ. ಸರ್ಕಾರಿ ಶಾಲೆಗಳ ಹಂಗಿಲ್ಲದೆ, ಕಲಿತವನು ಇನ್ನೊಬ್ಬನಿಗೆ ಕಲಿಸುತ್ತ, ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡುತ್ತ ಲಿಪಿ ಹರಡಿತು. ಏಪ್ರಿಲ್ 14 ಇಂದಿಗೂ ಅವರಿಗೆ ಅಕ್ಷರದ ಹಬ್ಬ.

ಈಗ ಫೋನಿನಲ್ಲಿ ಒಬ್ಬರು ಎನ್‌ಕೊ ‘ರ’ ಒತ್ತಿದರು ಎಂದುಕೊಳ್ಳಿ. ಪರದೆಯ ಹಿಂದೆ ಏನಾಗುತ್ತದೆ?

ಕೀಬೋರ್ಡು ಚಿತ್ರವನ್ನು ಕಳಿಸುವುದಿಲ್ಲ, 2009 ಎಂಬ ನಂಬರನ್ನು ಕಳಿಸುತ್ತದೆ. ಆ ನಂಬರು ಕಡತಕ್ಕೆ ಇಳಿಯುವಾಗ 223, 153 ಎಂಬ ಎರಡು ಬೈಟ್‌ಗಳಾಗುತ್ತದೆ. ಹಳೆಯ ‘ರ’ ಆದರೆ 223, 170. ಕನ್ನಡದ ‘ರ’ ಯೂನಿಕೋಡ್‌ನಲ್ಲಿ 3248, ಅದಕ್ಕೆ ಮೂರು ಬೈಟ್ ಬೇಕು: 224, 178, 176. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ 2047ರವರೆಗಿನ ನಂಬರುಗಳಿಗೆ ಹೆಚ್ಚೆಂದರೆ ಎರಡು ಬೈಟ್ ಸಾಕು, 2048ರಿಂದ ಮೂರು ಬೇಕು. ಎನ್‌ಕೊಗೆ ಸಿಕ್ಕ ಜಾಗ 1984ರಿಂದ 2047. ಎರಡು ಬೈಟ್‌ನ ಕೊನೆಯ 64 ಸ್ಥಾನಗಳು ಅವು. ದೇವನಾಗರಿಯೂ ಕನ್ನಡವೂ ಆ ಗೆರೆಯಿಂದ ಆಚೆಗಿವೆ.

ನಂಬರಿನ ಜೊತೆಗೆ ಅದರ ಗುಣಗಳ ಪಟ್ಟಿಯೂ ಇರುತ್ತದೆ. ಎನ್‌ಕೊ ‘ರ’ ಬಲದಿಂದ ಎಡಕ್ಕೆ ಹರಿಯುವ ಅಕ್ಷರ ಎಂದು ಅದರಲ್ಲಿ ಬರೆದಿದೆ. ಎರಡೂ ಪಕ್ಕದ ಅಕ್ಷರಗಳಿಗೆ ಕೈಕೊಡುವ ಅಕ್ಷರ ಎಂದೂ ಇದೆ, ಏಕೆಂದರೆ ಎನ್‌ಕೊದಲ್ಲಿ ಅಕ್ಷರಗಳು ತಳದ ಗೆರೆಯಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ದನಿಯ ಗುರುತು ಸ್ವರದ ಮೇಲೆ ಕೂರಬೇಕು, ಅನುನಾಸಿಕದ ಚುಕ್ಕೆ ಕೆಳಗೆ ಕೂರಬೇಕು ಎಂಬುದೂ ಅಂಕಿಯಲ್ಲೇ ನಮೂದಾಗಿದೆ. ಸಂಖ್ಯೆಗಳ ವಿಷಯ ಇನ್ನೂ ಮಜಾ. ಅರಬ್ಬಿ ಬರಹ ಬಲದಿಂದ ಹರಿದರೂ ಅದರೊಳಗಿನ ಸಂಖ್ಯೆಗಳು ಎಡದಿಂದ ಬಲಕ್ಕೆ ಹೋಗುತ್ತವೆ. ಎನ್‌ಕೊ ಅಂಕಿಗಳು ಬರಹದ ಜೊತೆಗೇ ಬಲದಿಂದ ಹೊರಡುತ್ತವೆ. 1949 ಎಂದು ಬರೆದರೆ ಸಾವಿರದ ಸ್ಥಾನದ 1 ಎಲ್ಲಕ್ಕಿಂತ ಬಲಕ್ಕಿರುತ್ತದೆ. ಇದನ್ನು ಪಟ್ಟಿಯಲ್ಲಿ ಸರಿಯಾಗಿ ಹೇಳದಿದ್ದರೆ ಕಂಪ್ಯೂಟರು ಅರಬ್ಬಿಯ ರೂಢಿಯನ್ನೇ ಹೇರಿ ಪ್ರತಿ ಬೆಲೆಯನ್ನೂ ಪ್ರತಿ ತಾರೀಖನ್ನೂ ತಿರುಗಾಮುರುಗಾ ಮಾಡಿಬಿಡುತ್ತಿತ್ತು.

ಅದೇ ಪಟ್ಟಿಯಲ್ಲಿ ‘ಗ್ಬಾಕುರುನೆನ್’ ಎಂಬ ಒಂದು ಚಿಹ್ನೆ ಇದೆ, ನಂಬರು 2039. ಒಲೆಯ ಮೇಲೆ ಮಡಕೆ ಹೊರುವ ಮೂರು ಕಲ್ಲುಗಳ ಗುರುತು ಅದು. ಬರಹದ ದೊಡ್ಡ ಭಾಗವೊಂದು ಮುಗಿದಾಗ ಹಾಕುತ್ತಾರೆ. ಮೂರು ಕಲ್ಲಿನ ಒಲೆಯಲ್ಲಿ ಅನ್ನ ಬೇಯಿಸಿದ ನಾಡಿನವರಾದ ನಮ್ಮ ಶಾಸನಕಾರರಿಗೂ ಕವಿಗಳಿಗೂ ಇದು ಹೊಳೆಯಲಿಲ್ಲವಲ್ಲ ಎಂದು ಸಣ್ಣ ಅಸೂಯೆಯಾಗುತ್ತದೆ.

ಎನ್‌ಕೊಗೆ ಜಾಗ ಕೇಳಿ 2004ರಲ್ಲಿ ಹೋದ ಪ್ರಸ್ತಾವದ ಮೇಲೆ ನಾಲ್ಕು ಹೆಸರುಗಳಿದ್ದವು. ಒಬ್ಬರು ಮೈಕೆಲ್ ಎವರ್ಸನ್, ಜಗತ್ತಿನ ಸಣ್ಣ ಲಿಪಿಗಳನ್ನು ಯೂನಿಕೋಡ್‌ಗೆ ಸೇರಿಸುವ ಕೆಲಸದಲ್ಲಿ ಪಳಗಿದವರು. ಉಳಿದ ಮೂವರು ಎನ್‌ಕೊ ಬಳಗದವರೇ: ಮಮಾದಿ ದುಂಬುಯಾ, ಬಾಬಾ ಮಮಾದಿ ಜಾನೆ, ಕರಾಮೊ ಕಬಾ ಜಮ್ಮೆ. 2006ರಲ್ಲಿ ಯೂನಿಕೋಡ್‌ನ ಐದನೆಯ ಆವೃತ್ತಿಯಲ್ಲಿ ಎನ್‌ಕೊ 59 ಚಿಹ್ನೆಗಳೊಂದಿಗೆ ಒಳಬಂತು. ಆ 59ರಲ್ಲೇ ಮೂರು ಹಳೆಯ ಅಕ್ಷರಗಳೂ ಇದ್ದವು.

ಯೂನಿಕೋಡ್‌ನ ಮೂಲ ನಿಯಮದ ಪ್ರಕಾರ ನೋಡಿದರೆ ಇದು ಇಕ್ಕಟ್ಟಿನ ವಿಷಯ. ಆ ನಿಯಮ ಹೇಳುವುದಿಷ್ಟು: ನಂಬರು ಕೊಡುವುದು ಅಕ್ಷರಕ್ಕೆ, ಅದರ ಆಕಾರಕ್ಕಲ್ಲ. ಆಕಾರವನ್ನು ಫಾಂಟ್ ನೋಡಿಕೊಳ್ಳುತ್ತದೆ. ನಾವು ಕನ್ನಡಿಗರು ಇದೇ ನಿಯಮದ ಕೆಳಗೆ ಬದುಕುತ್ತಿದ್ದೇವೆ. ಹಲ್ಮಿಡಿಯ ಕಲ್ಲಿನ ಮೇಲಿನ ‘ರ’ಕ್ಕೂ ಇಂದಿನ ಪಠ್ಯಪುಸ್ತಕದ ‘ರ’ಕ್ಕೂ ಆಕಾರದಲ್ಲಿ ದೂರದ ನೆಂಟಸ್ತನವಷ್ಟೇ. ಆದರೂ ಆ ಶಾಸನದ ಪಾಠವನ್ನು ಕನ್ನಡದಲ್ಲಿ ಟೈಪ್ ಮಾಡುವವರು ಒತ್ತುವುದು ಇದೇ 3248ನ್ನು. ಯಾರಿಗೂ ಬೇಸರವಿಲ್ಲ.

ಎನ್‌ಕೊದವರಿಗೆ ಅದು ಸಾಲುತ್ತಿರಲಿಲ್ಲ ಎಂದು ನನ್ನ ಊಹೆ. ಅವರ ಲಿಪಿಗೆ ಸಾವಿರದೈನೂರು ವರ್ಷಗಳ ಇತಿಹಾಸವಿಲ್ಲ, ಒಬ್ಬ ಮನುಷ್ಯನ ಜೀವಮಾನದಷ್ಟು ಇತಿಹಾಸವಿದೆ. ಮೊದಲ ಪಾಠಗಳಲ್ಲಿ ಅಕ್ಷರ ಹೇಗಿತ್ತು, ಆಮೇಲೆ ಏನಾಯಿತು ಎಂಬುದನ್ನು ಒಂದೇ ಸಾಲಿನಲ್ಲಿ ಪಕ್ಕಪಕ್ಕ ಬರೆದು ತೋರಿಸಬೇಕಾದರೆ ಎರಡಕ್ಕೂ ಬೇರೆ ಬೇರೆ ನಂಬರು ಬೇಕೇ ಬೇಕು. ಫಾಂಟ್ ಬದಲಾದರೂ ಆ ವ್ಯತ್ಯಾಸ ಅಳಿಸಿಹೋಗಬಾರದು.

ಈ ದಾರಿಯಲ್ಲಿ ಇನ್ನೂ ದೂರ ಹೋದದ್ದು ಬಾಮೂಮ್ ಲಿಪಿ. ಕ್ಯಾಮರೂನ್‌ನ ಫುಂಬಾನ್‌ನಲ್ಲಿ ರಾಜ ಇಬ್ರಾಹಿಂ ನ್ಜೋಯಾ 1896ರ ಸುಮಾರಿಗೆ ಇದನ್ನು ಶುರುಮಾಡಿದ. ಮೊದಲು ವಸ್ತುವಿಗೊಂದರಂತೆ ನೂರಾರು ಚಿತ್ರಗಳು. ರಾಜನಿಗೆ ಅದರಲ್ಲಿ ಸಮಾಧಾನವಿರಲಿಲ್ಲ. ಮತ್ತೆ ಮತ್ತೆ ಕೂತು ತಿದ್ದಿದ, ಚಿಹ್ನೆಗಳನ್ನು ಕಡಿಮೆ ಮಾಡಿದ, ಚಿತ್ರಗಳನ್ನು ಸದ್ದುಗಳಾಗಿಸಿದ. 1910ರ ಹೊತ್ತಿಗೆ ಎಂಬತ್ತು ಅಕ್ಷರಗಳ ಚೊಕ್ಕ ಲಿಪಿ ಉಳಿಯಿತು. ಅದರ ಮೊದಲ ನಾಲ್ಕು ಅಕ್ಷರಗಳಿಂದಲೇ ಅದಕ್ಕೆ ‘ಅ ಕ ಉ ಕು’ ಎಂದು ಹೆಸರು. ಹದಿನೈದು ವರ್ಷಗಳೊಳಗೆ ಒಂದು ಲಿಪಿ ಚಿತ್ರದಿಂದ ಅಕ್ಷರಕ್ಕೆ ನಡೆದುಬಂತು, ಅದೂ ದಾಖಲೆಗಳ ಸಮೇತ. ಫ್ರೆಂಚ್ ಆಡಳಿತ ರಾಜನ ಅಧಿಕಾರ ಕಿತ್ತುಕೊಂಡಿತು. 1931ರಲ್ಲಿ ಅವನನ್ನು ಯಾವುಂಡೆಗೆ ಗಡೀಪಾರು ಮಾಡಿದರು, ಎರಡು ವರ್ಷದಲ್ಲಿ ಅಲ್ಲೇ ಸತ್ತ.

ಯೂನಿಕೋಡ್ 2009ರಲ್ಲಿ ಕೊನೆಯ ಹಂತದ ಬಾಮೂಮ್‌ಗೆ 88 ನಂಬರು ಕೊಟ್ಟಿತು. ಮರುವರ್ಷ ಅದಕ್ಕೂ ಮುಂಚಿನ ಹಂತಗಳನ್ನೆಲ್ಲ ಸೇರಿಸಿ ಇನ್ನೂ 569 ನಂಬರು ಕೊಟ್ಟಿತು. ಹೆಸರುಗಳಲ್ಲೇ ‘ಹಂತ ಎ’, ‘ಹಂತ ಬಿ’ ಎಂದು ‘ಎಫ್’ವರೆಗೆ ಗುರುತಿದೆ. ರಾಜ ಅಳಿಸಿ ತಿದ್ದಿದ ಕರಡುಗಳೆಲ್ಲ ಹೀಗೆ ಕಾಯಂ ಆದವು. ಫುಂಬಾನ್ ಅರಮನೆಯ ಕಡತಗಳು ಯಾವ ಹಂತದ್ದಾದರೂ ಅದೇ ರೂಪದಲ್ಲಿ ಟೈಪ್ ಆಗಬೇಕೆಂದರೆ ಇದೇ ಸರಿ ಎಂದು ನನಗೂ ಅನಿಸುತ್ತದೆ. ಎಲ್ಲವನ್ನೂ ಕೊನೆಯ ಎಂಬತ್ತಕ್ಕೆ ಇಳಿಸಿದ್ದರೆ ಆ ಹದಿನೈದು ವರ್ಷಗಳ ಯೋಚನೆ ಕಂಪ್ಯೂಟರಿನೊಳಗೆ ಕಾಣುತ್ತಲೇ ಇರಲಿಲ್ಲ.

ಲೈಬೀರಿಯದ ವಾಯ್ ಲಿಪಿಗೆ ಸಿಕ್ಕ ಉತ್ತರ ಇದಕ್ಕೆ ವಿರುದ್ಧ. 1833ರ ಸುಮಾರಿಗೆ ಮೊಮೊಲು ದುವಾಲು ಬುಕೆಲೆ ಕಂಡ ಕನಸಿನಿಂದ ಹುಟ್ಟಿತೆನ್ನುವ ಈ ಲಿಪಿಯ ಆಕಾರಗಳು ಮುಂದಿನ ತಲೆಮಾರುಗಳಲ್ಲಿ ಸರಳವಾಗುತ್ತ ಬಂದವು ಎಂದು ಪಿಯರ್ಸ್ ಕೆಲ್ಲಿ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಹಸ್ತಪ್ರತಿಗಳನ್ನು ಅಳೆದು ತೋರಿಸಿದರು. 2008ರಲ್ಲಿ ಯೂನಿಕೋಡ್ ಸೇರಿದಾಗ ಕೆಲವೇ ಹಳೆಯ ಚಿಹ್ನೆಗಳಿಗೆ ಬೇರೆ ಜಾಗ ಸಿಕ್ಕಿತು. ಉಳಿದಂತೆ ಒಂದು ಸದ್ದಿಗೆ ಒಂದೇ ನಂಬರು, ಹಳೆಯ ರೂಪ ಬೇಕಾದವರು ಫಾಂಟ್ ಮಾಡಿಕೊಳ್ಳಬೇಕು.

ಎಲ್ಲಕ್ಕಿಂತ ತೊಡಕಿನದು ಅದ್ಲಾಂ. ಗಿನಿಯ ನ್ಜೆರೆಕೊರೆ ಪಟ್ಟಣದಲ್ಲಿ 1989ರಲ್ಲಿ ಇಬ್ರಾಹಿಮಾ ಮತ್ತು ಅಬ್ದುಲಾಯೆ ಬ್ಯಾರಿ ಎಂಬ ಅಣ್ಣತಮ್ಮ ಇದನ್ನು ಮಾಡಿದರು. ಅಣ್ಣನಿಗೆ ಹದಿನಾಲ್ಕು, ತಮ್ಮನಿಗೆ ಹತ್ತು. ಫುಲಾನಿ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆದು ತಂದ ಪತ್ರಗಳನ್ನು ಅವರ ತಂದೆ ಊರವರಿಗೆ ಓದಿ ಹೇಳುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಗೆಯ ಕಾಗುಣಿತ, ಓದುವುದು ಫಜೀತಿ. ನಮ್ಮದೇ ಅಕ್ಷರ ಯಾಕಿಲ್ಲ ಎಂದು ಹುಡುಗರು ಕಣ್ಣು ಮುಚ್ಚಿ ಗೆರೆಗಳನ್ನು ಎಳೆದು, ಚೆನ್ನಾಗಿ ಕಂಡವನ್ನು ಆರಿಸಿಕೊಂಡರು. ಊರಿಂದ ಊರಿಗೆ ಲಿಪಿ ಹಬ್ಬಿತು. 2002ರಲ್ಲಿ ಗಿನಿಯ ಪೊಲೀಸರು ಇಬ್ರಾಹಿಮಾನನ್ನು ಜೈಲಿಗೂ ಹಾಕಿದರು. ಆಮೇಲೆ ಇಬ್ಬರೂ ಅಮೆರಿಕದ ಪೋರ್ಟ್‌ಲ್ಯಾಂಡ್ ಸೇರಿದರು.

ಅಲ್ಲಿ ದುಡ್ಡು ಕೊಟ್ಟು ಒಂದು ಫಾಂಟ್ ಮಾಡಿಸಿಕೊಂಡರು. ಆದರೆ ಯೂನಿಕೋಡ್‌ನಲ್ಲಿ ನಂಬರು ಇರಲಿಲ್ಲವಾದ್ದರಿಂದ ಆ ಫಾಂಟ್ ಅರಬ್ಬಿಯ ನಂಬರುಗಳ ಮೇಲೆ ಕೂತಿತ್ತು. ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಡತ ಹೋಯಿತೆಂದರೆ ತಲೆಬುಡವಿಲ್ಲದ ಅರಬ್ಬಿ ಅಕ್ಷರಗಳು ಕಾಣುತ್ತಿದ್ದವು. ಯೂನಿಕೋಡ್ ಬರುವ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಪಾಡು ಹೊಸದಲ್ಲ. ಪತ್ರಿಕಾ ಕಚೇರಿಗೆ ಮೇಲ್ ಮಾಡಿದ ಕನ್ನಡ ಕವನ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಳ್ಳುತ್ತಿತ್ತು. ಇಂದಿಗೂ ಸರ್ಕಾರಿ ಕಚೇರಿಗಳ ಹಳೆಯ ಕಡತಗಳನ್ನು ಪರಿವರ್ತಕ ಹಾಕಿಯೇ ಓದಬೇಕು.

ಅದ್ಲಾಂ 2016ರಲ್ಲಿ ಯೂನಿಕೋಡ್ ಸೇರಿತು, 87 ಚಿಹ್ನೆಗಳೊಂದಿಗೆ. ಅದರ ಮೊದಲ ದೊಡ್ಡಕ್ಷರ ‘ಅಲಿಫ್’ನ ನಂಬರು 125184. ಇಷ್ಟು ಮೇಲೆ ಹೋದರೆ ನಾಲ್ಕು ಬೈಟ್ ಬೇಕು. ಮೂರು ಬೈಟ್‌ಗಿಂತ ಉದ್ದದ ಅಕ್ಷರವನ್ನು ಕೆಲವು ಹಳೆಯ ಡೇಟಾಬೇಸ್‌ಗಳು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಆ ಅಡ್ಡಿ ತೆಗೆಸಿದ್ದು ಫುಲಾನಿಗಳ ಮೇಲಿನ ಪ್ರೀತಿಯಲ್ಲ, ಎಮೋಜಿ. ನಗುವ ಮುಖಗಳೂ ನಾಲ್ಕು ಬೈಟಿನವೇ ಆದ್ದರಿಂದ ಕಂಪನಿಗಳು ತಮ್ಮ ತಂತ್ರಾಂಶ ರಿಪೇರಿ ಮಾಡಿಕೊಳ್ಳಬೇಕಾಯಿತು. ಅದರ ಮರೆಯಲ್ಲಿ ಸಣ್ಣ ಲಿಪಿಗಳೂ ಹೊಸ್ತಿಲು ದಾಟಿದವು.

ತೊಡಕು ಶುರುವಾದದ್ದು ನಂಬರು ಸಿಕ್ಕ ಮೇಲೆ. ಅದ್ಲಾಂ ಆಗಲೂ ಬೆಳೆಯುತ್ತಿದ್ದ ಲಿಪಿ. ಕಲಿಸುತ್ತ ಕಲಿಸುತ್ತ ಕೆಲವು ಅಕ್ಷರಗಳ ಆಕಾರವನ್ನು ತಿದ್ದಿಕೊಂಡಿದ್ದರು. ಯೂನಿಕೋಡ್ ಪಟ್ಟಿಯಲ್ಲೂ ಮೊದಲ ಫಾಂಟ್‌ಗಳಲ್ಲೂ ಇದ್ದ ರೂಪಗಳು ತರಗತಿಯಲ್ಲಿ ಬರೆಯುವ ರೂಪಗಳಿಗೆ ಹೊಂದುತ್ತಿರಲಿಲ್ಲ. ಇಲ್ಲಿ ಎನ್‌ಕೊದ ದಾರಿ ಹಿಡಿಯಲಿಲ್ಲ, ಹಳೆಯ ರೂಪಗಳಿಗೆ ಪ್ರತ್ಯೇಕ ನಂಬರು ಕೇಳಲಿಲ್ಲ. ನಂಬರು ಅದೇ ಇರಲಿ, ಚಿತ್ರ ಬದಲಾಗಲಿ ಎಂದರು. ಪಟ್ಟಿಯ ಆಕಾರಗಳು ಬದಲಾದವು, ಫಾಂಟ್ ಮಾಡುವವರು ತಿದ್ದಿಕೊಂಡರು. ಹಿಂದೆ ಟೈಪ್ ಮಾಡಿದ್ದೆಲ್ಲ ಹೊಸ ಫಾಂಟ್‌ನಲ್ಲಿ ತೆರೆದರೆ ತಾನಾಗಿ ಹೊಸ ರೂಪ ತೊಟ್ಟುಕೊಂಡಿತು. ಶಾಲೆ ನಡೆಸುವವರಿಗೆ ಬೇಕಿದ್ದದ್ದು ಅದೇ: ಮಕ್ಕಳು ಒಂದೇ ರೂಪ ಕಲಿಯಬೇಕು, ಫೋನಿನಲ್ಲೂ ಅದೇ ಕಾಣಬೇಕು.

ಒಂದು ಕಡೆ ಹಳೆಯ ರೂಪವನ್ನು ಉಳಿಸಿಕೊಂಡರು, ಇನ್ನೊಂದು ಕಡೆ ಬಿಟ್ಟರು. ಎರಡೂ ಸರಿ ಎಂದೇ ನನ್ನ ತೀರ್ಪು. ನಿಯಮಪುಸ್ತಕ ಮಾತ್ರ ನೋಡಿದ್ದರೆ ಇವೆರಡರಲ್ಲಿ ಒಂದು ತಪ್ಪಾಗಬೇಕಿತ್ತು. ಆದರೆ ಬರೆಯುವ ಜನಕ್ಕೆ ತಮ್ಮ ಹಳೆಯ ಅಕ್ಷರ ಏನಾಗಿ ಕಾಣುತ್ತದೆ, ಪಿತ್ರಾರ್ಜಿತವಾಗಿಯೋ ಕಿತ್ತೆಸೆದ ಕರಡಾಗಿಯೋ ಎಂಬುದನ್ನು ಅವರೇ ಹೇಳಬೇಕು. ಹೇಳುವ ಅವಕಾಶ ಒಂದೇ ಸಲ ಬರುತ್ತದೆ. ಯೂನಿಕೋಡ್ ನಂಬರು ನಮ್ಮ ಸರ್ವೆ ನಂಬರಿನಂತೆ: ಹೊಲ ಉತ್ತರೂ ಬೀಳು ಬಿಟ್ಟರೂ ಅದು ದಾಖಲೆಯಿಂದ ಹೋಗುವುದಿಲ್ಲ. ಒಮ್ಮೆ ಕೊಟ್ಟ ನಂಬರನ್ನು ಹಿಂದಕ್ಕೆ ಪಡೆಯುವಂತಿಲ್ಲ, ಹೆಸರನ್ನೂ ಬದಲಿಸುವಂತಿಲ್ಲ.

ಈ ಹಟದ ರುಚಿ ಕನ್ನಡಕ್ಕೂ ಸಿಕ್ಕಿದೆ. ಪಂಪನ ಕಾಲದ ‘ೞ’ ಯೂನಿಕೋಡ್‌ನಲ್ಲಿ 3294. ಆದರೆ ಪಟ್ಟಿಯಲ್ಲಿ ಅದರ ಅಧಿಕೃತ ಹೆಸರು ‘ಕನ್ನಡ ಅಕ್ಷರ ಫ’. ಯಾರೋ ತಪ್ಪಾಗಿ ಬರೆದರು, ಮುದ್ರೆ ಬಿತ್ತು, ಮುಗಿಯಿತು. ಹೆಸರು ತಪ್ಪು ಎಂಬ ಟಿಪ್ಪಣಿಯನ್ನೂ ಸರಿಯಾದ ಅಡ್ಡಹೆಸರನ್ನೂ ಪಕ್ಕದಲ್ಲಿ ಸೇರಿಸಿದ್ದಾರೆ. ಮೂಲ ಹೆಸರು ಮಾತ್ರ ಹಾಗೇ ಇದೆ, ಹಾಗೇ ಇರುತ್ತದೆ.

ಇನ್ನೊಂದು ನಂಟೂ ಇದೆ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್‌ನ ಹದಿನಾರನೆಯ ಆವೃತ್ತಿಯಲ್ಲಿ ಏಳು ಹೊಸ ಲಿಪಿಗಳಿದ್ದವು. ಅವುಗಳಲ್ಲಿ ಒಂದು ಸೆನೆಗಲ್‌ನ ಅಸ್ಸಾನ್ ಫಾಯ್ 1961ರಲ್ಲಿ ವೊಲೊಫ್ ನುಡಿಗೆಂದು ಮಾಡಿದ ಗರಾಯ್. ಇನ್ನೊಂದು ನಮ್ಮ ಕರಾವಳಿಯ ಓಲೆಗರಿಗಳ ತುಳು-ತಿಗಳಾರಿ. ಒಂದು ಅರವತ್ತು ವರ್ಷದ್ದು, ಇನ್ನೊಂದು ಶತಮಾನಗಳದ್ದು, ಬಾಗಿಲು ದಾಟಿದ್ದು ಒಟ್ಟಿಗೆ. ಓಲೆಗರಿಯ ಅಕ್ಷರಕ್ಕೂ ಇಂದು ತುಳು ಪಾಠಗಳಲ್ಲಿ ಕಲಿಸುವ ಅಕ್ಷರಕ್ಕೂ ರೂಪದಲ್ಲಿ ವ್ಯತ್ಯಾಸಗಳಿವೆ. ಅವು ಒಂದೇ ಲಿಪಿಯೇ ಎಂಬ ಚರ್ಚೆಗೆ ಇಳಿಯುವವರು ಪಶ್ಚಿಮ ಆಫ್ರಿಕದ ಈ ನಾಲ್ಕು ಉತ್ತರಗಳ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು.

ಎರಡು ನಂಬರು ಕೊಟ್ಟದ್ದಕ್ಕೆ ಬೆಲೆಯೂ ಇದೆ. ಕಂಪ್ಯೂಟರಿಗೆ 2009 ಬೇರೆ, 2026 ಬೇರೆ. ಎರಡೂ ಒಂದೇ ಸದ್ದು ಎಂಬುದು ಅದಕ್ಕೆ ಗೊತ್ತಿಲ್ಲ, ಒಂದನ್ನು ಇನ್ನೊಂದಕ್ಕೆ ಸಮ ಎನ್ನುವ ಕೊಂಡಿಯೂ ಪಟ್ಟಿಯಲ್ಲಿಲ್ಲ. ಹಳೆಯ ‘ರ’ ಹಾಕಿ ಟೈಪ್ ಮಾಡಿದ ಪಠ್ಯದೊಳಗೆ ಹೊಸ ‘ರ’ ಹಾಕಿ ಹುಡುಕಿದರೆ, ಹುಡುಕುವ ತಂತ್ರಾಂಶಕ್ಕೆ ಯಾರಾದರೂ ಬೇರೆಯಾಗಿ ಕಲಿಸಿಕೊಡದ ಹೊರತು, ಪದ ಸಿಗುವುದಿಲ್ಲ. ಹಾಗಾಗಿ ಆರಂಭಕಾಲದ ಬರಹವೊಂದನ್ನು ಕಂಪ್ಯೂಟರಿಗೆ ಏರಿಸುವವನು ಪ್ರತಿ ‘ರ’ದ ಮುಂದೂ ನಿಂತು ಯೋಚಿಸಬೇಕು: ಇದನ್ನು ಕಂಡಂತೆ ಇಡಲೇ, ಜನ ಹುಡುಕುವಂತೆ ಇಡಲೇ?

ದಿನದ ಬಳಕೆಯಲ್ಲಿ ಈ ಇಕ್ಕಟ್ಟು ಬರುವುದೇ ಅಪರೂಪ. ಎನ್‌ಕೊದಲ್ಲಿ 2019ರಿಂದ ವಿಕಿಪೀಡಿಯ ಇದೆ. 2024ರ ಜೂನ್‌ನಲ್ಲಿ ಗೂಗಲ್ ತನ್ನ ಅನುವಾದ ಯಂತ್ರಕ್ಕೆ 110 ಹೊಸ ಭಾಷೆಗಳನ್ನು ಸೇರಿಸಿದಾಗ ಅದರಲ್ಲಿ ಎನ್‌ಕೊ ಇತ್ತು, ತುಳುವೂ ಇತ್ತು. ಅದಕ್ಕೆ ಒಂದು ವರ್ಷ ಮುಂಚೆ, 2023ರಲ್ಲಿ, ಎನ್‌ಕೊಗೆ ಯಂತ್ರಾನುವಾದ ಮಾಡಲು ಬೇಕಾದ ವಾಕ್ಯಭಂಡಾರವನ್ನು ಕಟ್ಟಿದ ಪ್ರಬಂಧವೊಂದು ಹೊರಬಂದಿತ್ತು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರೂ ಎನ್‌ಕೊ ಬಳಗದವರೂ ಕೂಡಿ ಮಾಡಿದ ಕೆಲಸ ಅದು. ಕರ್ತೃಗಳ ಸಾಲಿನಲ್ಲಿ ಎರಡನೆಯ ಹೆಸರು ಬಾಬಾ ಮಮಾದಿ ಜಾನೆ, 2004ರಲ್ಲಿ ಎನ್‌ಕೊ ಅಕ್ಷರಗಳಿಗೆ ನಂಬರು ಕೇಳಲು ಹೋದವರಲ್ಲಿ ಒಬ್ಬರು.